ಆಫೀಸಿನ ಶೇರ್ ಫೋಲ್ಡರ್ ಪದೇ ಪದೇ ಕೈಕೊಡ್ತಿದೆಯಾ? ಮೊದಲಿಂದ ಸರಿಯಾಗಿ ಕಟ್ಟುವ ಕ್ರಮ

"ನಿನ್ನೆ ತನಕ ಸರ್ವರ್ ಓಪನ್ ಆಗ್ತಿತ್ತು. ಇವತ್ತು ಪಾಸ್‌ವರ್ಡ್ ಕೇಳ್ತಿದೆ. ಏನು ಹಾಕಿದ್ರೂ ತಗೊಳ್ತಿಲ್ಲ." ಗಂಗಾವತಿಯ ರೈಸ್ ಮಿಲ್ಲಿನಿಂದ ಬರುವ ಪ್ರಶ್ನೆಯೂ ಇದೇ, ರಾಯಚೂರಿನ ರಾಜೇಂದ್ರ ಗಂಜಿನ ಅಡತ್ ಅಂಗಡಿಯಿಂದ ಬರುವುದೂ ಇದೇ, ಬಳ್ಳಾರಿಯ ಜೀನ್ಸ್ ಘಟಕದಿಂದ ಬರುವುದೂ ಇದೇ. ಐದಾರು ಕಂಪ್ಯೂಟರ್, ಅದರಲ್ಲಿ ಒಂದಕ್ಕೆ 'ಸರ್ವರ್' ಅಂತ ಹೆಸರು, ಅದರೊಳಗೆ ಲೆಕ್ಕದ ಡೇಟಾ. ಉಳಿದವರು ಅಲ್ಲಿಂದಲೇ ಓದಬೇಕು, ಅಲ್ಲೇ ಬರೆಯಬೇಕು. ಕೆಲಸ ಇಷ್ಟೇ.

ಇದು ಕೆಡುವುದು ಬಹುತೇಕ ಕ್ರಮ ತಪ್ಪಿದಾಗ. ಎಲ್ಲರೂ ಮೊದಲು ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಶೇರ್ ಮಾಡ್ತಾರೆ. ಓಪನ್ ಆಗಲಿಲ್ಲ ಅಂದ್ರೆ ಎವರಿವನ್‌ಗೆ ಫುಲ್ ಕಂಟ್ರೋಲ್, ಅಂದರೆ ಎಲ್ಲರಿಗೂ ಪೂರ್ತಿ ಅಧಿಕಾರ. ಆಗಲೂ ಆಗಲಿಲ್ಲ ಅಂದ್ರೆ ಫೈರ್‌ವಾಲ್ ಆಫ್. ಅದೂ ಸಾಲದಿದ್ರೆ ಪಾಸ್‌ವರ್ಡ್ ಪ್ರೊಟೆಕ್ಷನ್ ಆಫ್. ಆಮೇಲೆ ಓಪನ್ ಆಗುತ್ತದೆ, ನಿಜ. ಮುಂದಿನ ವಿಂಡೋಸ್ ಅಪ್‌ಡೇಟ್ ಬರೋ ತನಕ.

ಶೇರ್ ಮಾಡುವುದು ಐದನೇ ಹಂತದ ಕೆಲಸ. ಮೊದಲಿನ ನಾಲ್ಕು ಹಂತ ಗಟ್ಟಿ ಇದ್ದರೆ ಐದನೆಯದು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲಿ ಬರೆದಿರುವುದು ಡೊಮೇನ್ (ಎಲ್ಲರ ಯೂಸರ್, ಪಾಸ್‌ವರ್ಡ್‌ಗಳನ್ನು ಒಂದೇ ಸರ್ವರ್ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲದ, ಪ್ರತಿ ಯಂತ್ರವೂ ತನ್ನ ಯೂಸರ್‌ಗಳನ್ನು ತಾನೇ ನೋಡಿಕೊಳ್ಳುವ ವರ್ಕ್‌ಗ್ರೂಪ್‌ನಲ್ಲೇ ನಡೆಯುವ ಸಣ್ಣ ಆಫೀಸಿಗೆ. ಸರ್ವರ್ ಆಗಿ ವಿಂಡೋಸ್ 10 ಅಥವಾ 11 ಇರಲಿ, ವಿಂಡೋಸ್ ಸರ್ವರ್ ಇರಲಿ, ಕ್ರಮ ಒಂದೇ.

## ಕೆಲಸಕ್ಕೆ ಕೂರುವ ಮುಂಚೆ

ಒಂದು ಭಾನುವಾರ ಹಿಡಿಯಿರಿ, ಇಲ್ಲ ಅಂಗಡಿ ಬಾಗಿಲು ಹಾಕಿದ ಮೇಲೆ ಕೂರಿ. ಯಾರಾದರೂ ಬಿಲ್ ಹಾಕುತ್ತಿರುವಾಗ ಇದಕ್ಕೆ ಕೈ ಹಾಕಬೇಡಿ. ಬೇಕಾದ ಸಾಮಾನು ಜಾಸ್ತಿ ಇಲ್ಲ: ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, ಒಂದು ಗಿಗಾಬಿಟ್ ಸ್ವಿಚ್ (ಎಲ್ಲ ಕಂಪ್ಯೂಟರ್‌ಗಳ ನೆಟ್‌ವರ್ಕ್ ಕೇಬಲ್ ಬಂದು ಸೇರುವ ಪೆಟ್ಟಿಗೆ), ಒಂದೆರಡು ಹೆಚ್ಚುವರಿ ಕ್ಯಾಟ್ 6 ಕೇಬಲ್, ಯುಪಿಎಸ್, ಒಂದು ನೋಟ್‌ಬುಕ್. ನೋಟ್‌ಬುಕ್ ಅಂದರೆ ಕಾಗದದ್ದೇ. ಸರ್ವರ್ ಕೆಟ್ಟ ದಿನ ಅದರೊಳಗೆ ಟೈಪ್ ಮಾಡಿಟ್ಟ ವಿವರ ಓದಲಿಕ್ಕೆ ಆಗಲ್ಲ, ಅಲ್ವಾ?

ಮೊದಲ ಕೆಲಸ: ಎರಡೂ ಖಾಲಿ ಎಕ್ಸ್‌ಟರ್ನಲ್ ಡಿಸ್ಕನ್ನು ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ, ಇರುವ ಡೇಟಾ ಪೂರ್ತಿ ಅದರಲ್ಲಿ ಒಂದಕ್ಕೆ ಕಾಪಿ ಮಾಡಿ, ಡಿಸ್ಕ್ ಬಿಚ್ಚಿ ಬೀರುವಿನಲ್ಲಿ ಇಡಿ. ಇದಾಗದೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಅಬೌಟ್ ತೆರೆದು ಯಾವ ವಿಂಡೋಸ್ ಇದೆ ನೋಡಿ. ಸರ್ವರ್ ಕೆಲಸಕ್ಕೆ ಪ್ರೊ ಆವೃತ್ತಿ ಇರಲಿ. ಹೋಮ್‌ನಲ್ಲೂ ಶೇರ್ ಆಗುತ್ತದೆ, ಆದರೆ ಬಳಕೆದಾರರನ್ನೂ ಗುಂಪುಗಳನ್ನೂ ನೋಡಿಕೊಳ್ಳುವ ಸಲಕರಣೆ ಅದರಲ್ಲಿಲ್ಲ. ವಿಂಡೋಸ್ 10 ಆದರೆ 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಸಪೋರ್ಟ್ ಮುಗಿದಿದೆ. ವಿಂಡೋಸ್ 7ರದ್ದು 2020ರ ಜನವರಿಯಲ್ಲೇ ಮುಗಿಯಿತು. ವಿಂಡೋಸ್ ಸರ್ವರ್ 2012 ಆರ್2ದ್ದು 2023ರ ಅಕ್ಟೋಬರ್ 10ಕ್ಕೆ. ಇಡೀ ಆಫೀಸಿನ ಲೆಕ್ಕ ಇರುವ ಯಂತ್ರಕ್ಕೆ ಸಪೋರ್ಟ್ ಇರುವ ವಿಂಡೋಸ್ ಹಾಕಿ, ಅದಕ್ಕೆ ದುಡ್ಡು ಕೊಡಿ. ಆಕ್ಟಿವೇಟರ್ ಹಾಕಿ, ಅಂದರೆ ಲೈಸೆನ್ಸ್ ಇಲ್ಲದೆ ಕಳ್ಳದಾರಿಯಲ್ಲಿ, ಓಡಿಸುವ ವಿಂಡೋಸ್ ಮೇಲೆ ನನಗೆ ಚೂರೂ ನಂಬಿಕೆ ಇಲ್ಲ. ಆಂಟಿವೈರಸ್ ಆಫ್ ಮಾಡಿ ಅಂತ ಹೇಳಿಯೇ ಅದು ಒಳಗೆ ಬರುತ್ತದೆ.

ಇನ್ನೊಂದು ಮಿತಿ. ವಿಂಡೋಸ್ 10, 11 ಪ್ರೊಗೆ ಒಂದೇ ಸಲಕ್ಕೆ 20 ಯಂತ್ರಗಳು ಮಾತ್ರ ಜೋಡಿಯಾಗಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ವಿಂಡೋಸ್ ಸರ್ವರೇ ಬೇಕು.

## ಹಂತ 1: ಸರ್ವರ್ ಯಾವುದು, ಎಲ್ಲಿ

ಸಾವ್ಕಾರ್ರ ಲ್ಯಾಪ್‌ಟಾಪ್ ಸರ್ವರ್ ಅಲ್ಲ. ಅವರು ಸಂಜೆ ಅದನ್ನು ಮಡಚಿ ಮನೆಗೆ ಒಯ್ಯುತ್ತಾರೆ. ಕೌಂಟರ್‌ನಲ್ಲಿ ಎಲ್ಲರೂ ಪೆನ್‌ಡ್ರೈವ್ ಚುಚ್ಚುವ ಯಂತ್ರವೂ ಬೇಡ. ಯಾರೂ ಕೂತು ಕೆಲಸ ಮಾಡದ ಒಂದು ಡೆಸ್ಕ್‌ಟಾಪ್ ಬೇಕು. ಎಸ್‌ಎಸ್‌ಡಿ ಇರಲಿ. ಸ್ವಿಚ್‌ಗೆ ಕೇಬಲ್‌ನಿಂದಲೇ ಜೋಡಿಸಿ, ವೈಫೈ ಬೇಡ.

ಜಾಗದ ಬಗ್ಗೆ ಸ್ವಲ್ಪ ಯೋಚನೆ ಮಾಡಿ. ನಮ್ಮ ಕಡೆ ಕಂಪ್ಯೂಟರ್‌ಗೆ ವೈರಸ್‌ಗಿಂತ ಮೊದಲು ಬರುವ ಕಾಯಿಲೆ ಧೂಳು. ಸಂಡೂರು ಕಡೆ ಅದಿರಿನ ಕೆಂಪು ಧೂಳು, ರಾಯಚೂರಿನ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಎಳೆ, ಗಂಗಾವತಿ, ಕಾರಟಗಿಯಲ್ಲಿ ಭತ್ತದ ತೌಡು, ಜೀನ್ಸ್ ಘಟಕದಲ್ಲಿ ಬಟ್ಟೆಯ ನೂಲು. ಹತ್ತಿ ಎಳೆ ಪ್ರೊಸೆಸರ್ ಫ್ಯಾನಿನ ಕೆಳಗಿನ ಹೀಟ್‌ಸಿಂಕ್ ಮೇಲೆ ಕಂಬಳಿ ಹೊದೆಸಿದ ಹಾಗೆ ಕೂರುತ್ತದೆ. ಮೇಲಿನಿಂದ ಫ್ಯಾನ್ ತಿರುಗುವುದು ಕಾಣುತ್ತದೆ, ಗಾಳಿ ಕೆಳಕ್ಕೆ ಇಳಿಯುವುದೇ ಇಲ್ಲ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ಮಧ್ಯಾಹ್ನ ಸರ್ವರ್ ನಿಧಾನ, ಸಂಜೆ ಸರಿ ಅಂತಾದರೆ ಮೊದಲು ಕವರ್ ಬಿಚ್ಚಿ ನೋಡಿ. ಯಂತ್ರವನ್ನು ನೆಲಕ್ಕೆ ಇಡಬೇಡಿ, ಮೇಜಿನ ಎತ್ತರಕ್ಕಾದರೂ ಇರಲಿ. ಬೇಸಿಗೆಗೆ ಮುಂಚೆ ಒಂದು ಸಲ, ಸುಗ್ಗಿ ಮುಗಿದ ಮೇಲೆ ಒಂದು ಸಲ ಬ್ಲೋವರ್‌ನಿಂದ ಊದಿಸಿ. ಊದುವಾಗ ಫ್ಯಾನ್ ತಿರುಗದ ಹಾಗೆ ಕಡ್ಡಿ ಇಟ್ಟು ಹಿಡಿಯಿರಿ.

ಶಕ್ತಿನಗರದಲ್ಲೂ ಕುಡತಿನಿಯಲ್ಲೂ ಕರೆಂಟು ತಯಾರಾಗುತ್ತದೆ. ಆದರೂ ಯುಪಿಎಸ್ ಇಲ್ಲದೆ ಆಫೀಸು ನಡೆಸುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹೆಚ್ಚಿನವರು ಮಾಡುವ ತಪ್ಪು ಏನಂದರೆ ಕಂಪ್ಯೂಟರ್‌ಗಳಿಗೆಲ್ಲ ಯುಪಿಎಸ್ ಕೊಡ್ತಾರೆ, ಗೋಡೆಯ ಮೇಲಿನ ನೆಟ್‌ವರ್ಕ್ ಸ್ವಿಚ್ಚನ್ನು ಮರೀತಾರೆ. ಕರೆಂಟು ಹೋದಾಗ ಎಲ್ಲ ಯಂತ್ರವೂ ಆನ್ ಇರುತ್ತದೆ, ಮಧ್ಯದ ನೆಟ್‌ವರ್ಕ್ ಮಾತ್ರ ಸತ್ತಿರುತ್ತದೆ. ಅರ್ಧ ಬರೆದ ವೋಚರ್ ಅಲ್ಲೇ ತುಂಡಾಗುತ್ತದೆ. ಲೆಕ್ಕದ ಡೇಟಾ ಕೆಡುವ ದೊಡ್ಡ ದಾರಿಗಳಲ್ಲಿ ಇದೂ ಒಂದು. ಸ್ವಿಚ್, ರೂಟರ್ ಎರಡಕ್ಕೂ ಯುಪಿಎಸ್ ಲೈನ್ ಎಳೆಯಿರಿ.

ಸರ್ವರ್‌ನಲ್ಲಿ ಮಾಡಬೇಕಾದ ಮೂರು ಸೆಟ್ಟಿಂಗ್:

1. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಅನ್ನು 'ನೆವರ್'ಗೆ ಇಡಿ. ಸ್ಕ್ರೀನ್ ಆಫ್ ಆದರೆ ತೊಂದರೆ ಇಲ್ಲ.
2. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಪ್ರಾಪರ್ಟೀಸ್ ತೆರೆಯಿರಿ. ಪವರ್ ಮ್ಯಾನೇಜ್‌ಮೆಂಟ್ ಟ್ಯಾಬ್‌ನಲ್ಲಿ ಕರೆಂಟು ಉಳಿಸಲು ಈ ಸಾಧನ ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ.
3. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್) ಕರೆಂಟು ವಾಪಸ್ ಬಂದಾಗ ತಾನೇ ಆನ್ ಆಗುವ ಆಯ್ಕೆ ಇರುತ್ತದೆ. ಅದನ್ನು ಆನ್ ಮಾಡಿ.

ಊಟ ಮಾಡಿ ಬಂದಮೇಲೆ ಸರ್ವರ್ ಸಿಗಲ್ಲ, ಅದರ ಮೌಸ್ ಅಲ್ಲಾಡಿಸಿದರೆ ಸಿಗುತ್ತದೆ ಅನ್ನುವವರಿಗೆ ಮೊದಲನೆಯದೇ ಮದ್ದು.

## ಹಂತ 2: ಹೆಸರು ಮತ್ತು ವಿಳಾಸ

ಸರ್ವರ್‌ಗೆ ಒಂದು ಹೆಸರು ಕೊಡಿ. ಇಂಗ್ಲಿಷ್ ಅಕ್ಷರ, 15 ಅಕ್ಷರದ ಒಳಗೆ, ಮಧ್ಯೆ ಸ್ಪೇಸ್ ಬೇಡ. ಕೊಟ್ಟ ಮೇಲೆ ಮತ್ತೆ ಬದಲಾಯಿಸಬೇಡಿ, ಎಲ್ಲ ಯಂತ್ರಗಳ ಜೋಡಣೆ ಆ ಹೆಸರನ್ನೇ ನಂಬಿಕೊಂಡಿರುತ್ತದೆ.

ಇನ್ನು ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಯಂತ್ರದ ಮನೆ ನಂಬರ್. ಇದು ಖಾಯಂ ಆಗಿರಬೇಕು. ರೂಟರ್ 192.168.1.1 ಅಂತ ಇಟ್ಟುಕೊಳ್ಳೋಣ. ರೂಟರ್ ತಾನೇ ಹಂಚುವ ವಿಳಾಸಗಳ ಸಾಲು, ಅಂದರೆ ಡಿಎಚ್‌ಸಿಪಿ ರೇಂಜ್, ಕೆಲವು ರೂಟರ್‌ಗಳಲ್ಲಿ 2ರಿಂದ 254ರ ತನಕ ಇರುತ್ತದೆ. ಅದನ್ನು 100ರಿಂದ 200ಕ್ಕೆ ಕಡಿಮೆ ಮಾಡಿ. ಆಮೇಲೆ ಸರ್ವರ್‌ಗೆ 192.168.1.10 ಕೊಡಿ. ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1, ಡಿಎನ್‌ಎಸ್ (ಹೆಸರು ಹೇಳಿದರೆ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ಕೂಡ ಅದೇ. ನೆಟ್‌ವರ್ಕ್ ಪ್ರಿಂಟರ್‌ಗೂ ಹೀಗೇ 192.168.1.20 ಕೊಟ್ಟುಬಿಡಿ, ಅದರ ಜಗಳವೂ ಮುಗಿಯುತ್ತದೆ.

ರೇಂಜ್ ಕಡಿಮೆ ಮಾಡದೆ ಸುಮ್ನೆ 192.168.1.10 ಕೊಟ್ಟರೆ, ಒಂದು ದಿನ ಯಾರದೋ ಮೊಬೈಲಿಗೆ ರೂಟರ್ ಅದೇ ವಿಳಾಸ ಹಂಚುತ್ತದೆ. ಆಗ ಸರ್ವರ್ ಒಮ್ಮೆ ಸಿಗುತ್ತದೆ, ಒಮ್ಮೆ ಸಿಗಲ್ಲ. 'ಐಪಿ ಕಾನ್‌ಫ್ಲಿಕ್ಟ್' ಅಂತ ಮೆಸೇಜ್ ಬಂದರೆ ಇದೇ ಕಾರಣ.

ಇನ್ನೊಂದು ತಪ್ಪು ಇದಕ್ಕಿಂತ ಜಾಸ್ತಿ ತಲೆ ತಿನ್ನುತ್ತದೆ. ಗೋಡೌನಿಗೆ ವೈಫೈ ಸಾಲಲ್ಲ ಅಂತ ಇನ್ನೊಂದು ರೂಟರ್ ತಂದು ಹಾಕ್ತಾರೆ. ಅದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಕಡೆಯ ಕೇಬಲ್ ಹಾಕುವ ತೂತು) ಕೇಬಲ್ ಚುಚ್ಚಿದರೆ ಅದು ತನ್ನದೇ ಬೇರೆ ನೆಟ್‌ವರ್ಕ್ ಮಾಡಿಕೊಂಡು ಕೂರುತ್ತದೆ. ಗೋಡೌನಿನ ಕಂಪ್ಯೂಟರ್‌ಗೆ 192.168.0.5 ಅಂತ ಬಂದಿರುತ್ತದೆ. ಇಂಟರ್ನೆಟ್ ಚೆನ್ನಾಗಿ ಬರುತ್ತದೆ, ಆದರೆ ನೆಟ್‌ವರ್ಕ್ ಪಟ್ಟಿಯಲ್ಲಿ ಸರ್ವರ್ ಕಾಣಲ್ಲ. ಇಂಟರ್ನೆಟ್ ಬರ್ತಿದೆಯಲ್ಲ, ನೆಟ್‌ವರ್ಕ್ ಸರಿ ಇದೆ ಅಂತ ಎಲ್ಲರೂ ವಿಂಡೋಸ್ ಒಳಗೆ ಹುಡುಕುತ್ತಾ ಕೂರ್ತಾರೆ. ಎರಡನೇ ರೂಟರ್‌ನ ಲ್ಯಾನ್ ಪೋರ್ಟಿಗೆ (ಒಳಗಿನ ಕಂಪ್ಯೂಟರ್‌ಗಳ ಕೇಬಲ್ ಹಾಕುವ ತೂತು) ಕೇಬಲ್ ಹಾಕಿ, ಅದರ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2 ಮಾಡಿ.

ಯಾವುದಾದರೂ ಯಂತ್ರಕ್ಕೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಅದಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ. ಮೊದಲು ಕೇಬಲ್ ನೋಡಿ. ಇಲಿ ಕಡಿದಿರುವುದು ಮಿಲ್ಲುಗಳಲ್ಲಿ ಅಪರೂಪವೇನಲ್ಲ.

## ಹಂತ 3: ನೆಟ್‌ವರ್ಕ್ ಪ್ರೊಫೈಲ್

ವಿಂಡೋಸ್ ಪ್ರತಿ ನೆಟ್‌ವರ್ಕನ್ನೂ ಪಬ್ಲಿಕ್ ಅಥವಾ ಪ್ರೈವೇಟ್ ಅಂತ ಗುರುತಿಸುತ್ತದೆ. ಪಬ್ಲಿಕ್ ಅಂದರೆ ಬಸ್ ಸ್ಟ್ಯಾಂಡ್ ವೈಫೈ, ಯಾರನ್ನೂ ಒಳಗೆ ಬಿಡಬಾರದು ಅಂತ ಲೆಕ್ಕ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್, ಅದರಲ್ಲಿ ಈಥರ್ನೆಟ್ ತೆರೆದು ಪ್ರೈವೇಟ್ ಮಾಡಿ. ಸರ್ವರ್‌ನಲ್ಲೂ ಮಾಡಿ, ಉಳಿದವುಗಳಲ್ಲೂ ಮಾಡಿ.

"ನಿನ್ನೆ ತನಕ ಆಗ್ತಿತ್ತು" ಅನ್ನುವ ಅರ್ಧ ಕೇಸುಗಳು ಇಲ್ಲೇ ಮುಗಿಯುತ್ತವೆ. ಇಂಟರ್ನೆಟ್ ಕಂಪನಿಯವರು ಬಂದು ರೂಟರ್ ಬದಲಾಯಿಸಿ ಹೋಗಿರುತ್ತಾರೆ. ವಿಂಡೋಸ್‌ಗೆ ಅದು ಹೊಸ ನೆಟ್‌ವರ್ಕ್, ಹಾಗಾಗಿ ತಾನೇ ಪಬ್ಲಿಕ್ ಮಾಡಿಕೊಂಡಿರುತ್ತದೆ. ರೂಟರ್ ಬದಲಾದ ದಿನ ಮೊದಲು ನೋಡಬೇಕಾದದ್ದು ಇದನ್ನೇ.

ನಂತರ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್. ವಿಂಡೋಸ್ 11ರಲ್ಲಿ ಇದು ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗಿದೆ, 10ರಲ್ಲಿ ಕಂಟ್ರೋಲ್ ಪ್ಯಾನೆಲ್‌ನಲ್ಲಿದೆ. ಪ್ರೈವೇಟ್ ಪ್ರೊಫೈಲ್‌ಗೆ ನೆಟ್‌ವರ್ಕ್ ಡಿಸ್ಕವರಿ ಆನ್, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಆನ್. ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆನ್ ಇರಲಿ. ಆಫ್ ಮಾಡುವ ಆಸೆ ಬಂದಾಗ ಎದ್ದು ಟೀ ಕುಡಿದು ಬನ್ನಿ.

ಫೈರ್‌ವಾಲ್ ಮುಟ್ಟಬೇಕಾಗಿಲ್ಲ. ಮೇಲಿನ ಎರಡು ಆನ್ ಆದಾಗ ಬೇಕಾದ ಬಾಗಿಲುಗಳನ್ನು ವಿಂಡೋಸ್ ತಾನೇ ತೆರೆಯುತ್ತದೆ. ಬೇರೆ ಆಂಟಿವೈರಸ್ ಹಾಕಿದ್ದು ಅದಕ್ಕೆ ತನ್ನದೇ ಫೈರ್‌ವಾಲ್ ಇದ್ದರೆ, ಅಲ್ಲೂ ಈ ನೆಟ್‌ವರ್ಕನ್ನು ನಂಬಿಕಸ್ಥ ಅಂತ ಗುರುತಿಸಬೇಕು.

## ಹಂತ 4: ಬಳಕೆದಾರರು

ಈ ಹಂತವನ್ನು ಹಾರಿಸುವವರೇ ಜಾಸ್ತಿ. ಸರ್ವರ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಕಂಪ್ಯೂಟರ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಲೋಕಲ್ ಯೂಸರ್ಸ್ ಆ್ಯಂಡ್ ಗ್ರೂಪ್ಸ್ ಒಳಗೆ ಆಫೀಸಿನ ಪ್ರತಿಯೊಬ್ಬರಿಗೂ ಒಂದೊಂದು ಯೂಸರ್ ಮಾಡಿ. ಎಲ್ಲರಿಗೂ ಸೇರಿಸಿ ಒಂದೇ ಯೂಸರ್ ಬೇಡ. ಗುಮಾಸ್ತರು ಕೆಲಸ ಬಿಟ್ಟು ಪಕ್ಕದ ಅಂಗಡಿ ಸೇರಿದ ದಿನ ಎಲ್ಲರ ಪಾಸ್‌ವರ್ಡೂ ಬದಲಾಯಿಸುವ ಫಜೀತಿ ಯಾಕೆ?

ಹೊಸ ಯೂಸರ್ ಮಾಡುವ ಕಿಟಕಿಯಲ್ಲಿ ನಾಲ್ಕು ಟಿಕ್ ಇರುತ್ತವೆ. ಇವನ್ನು ಸ್ವಲ್ಪ ನಿಧಾನವಾಗಿ ನೋಡಿ.

'ಮುಂದಿನ ಲಾಗಾನ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಬೇಕು' ಅನ್ನುವುದಕ್ಕೆ ಮೊದಲೇ ಟಿಕ್ ಬಿದ್ದಿರುತ್ತದೆ. ಅದನ್ನು ತೆಗೆಯಿರಿ. ಇವರು ಯಾರೂ ಸರ್ವರ್ ಮುಂದೆ ಕೂತು ಲಾಗಿನ್ ಆಗುವವರಲ್ಲ. ಹಾಗಾಗಿ ಪಾಸ್‌ವರ್ಡ್ ಬದಲಾಯಿಸುವ ಅವಕಾಶವೇ ಅವರಿಗೆ ಬರಲ್ಲ. ಅಲ್ಲಿ ತನಕ ಸರ್ವರ್ ಒಳಗೆ ಬಿಡಲ್ಲ. ಸರಿಯಾದ ಪಾಸ್‌ವರ್ಡ್ ಹಾಕಿದ್ರೂ ತಗೊಳ್ತಿಲ್ಲ ಅನ್ನುವುದಕ್ಕೆ ಇದು ಒಂದು ಕಾರಣ.

'ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್' ಅನ್ನುವುದಕ್ಕೆ ಟಿಕ್ ಹಾಕಿ. ಹಾಕದಿದ್ದರೆ ವಿಂಡೋಸ್‌ನ ಡೀಫಾಲ್ಟ್ ಲೆಕ್ಕದಲ್ಲಿ ಪಾಸ್‌ವರ್ಡ್‌ಗೆ 42 ದಿನ ಆಯಸ್ಸು. ಎಲ್ಲ ಸರಿ ಮಾಡಿ ಬಂದು ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಗ್ಗೆ ಇಡೀ ಆಫೀಸಿನಿಂದ ಫೋನ್ ಬಂದರೆ ಕಾರಣ ಇದೇ. ಆಗಾಗ ಪಾಸ್‌ವರ್ಡ್ ಬದಲಾಯಿಸುವುದೇ ಸುರಕ್ಷಿತ ಅಂತ ಮೊದಲು ಹೇಳುತ್ತಿದ್ದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಸೆಕ್ಯುರಿಟಿ ಬೇಸ್‌ಲೈನ್‌ನಿಂದ, ಅಂದರೆ ಶಿಫಾರಸು ಮಾಡುವ ಸುರಕ್ಷತಾ ಸೆಟ್ಟಿಂಗ್‌ಗಳ ಪಟ್ಟಿಯಿಂದ, ಆ ನಿಯಮವನ್ನೇ ತೆಗೆದುಹಾಕಿತು. ಉದ್ದದ ಪಾಸ್‌ವರ್ಡ್ ಕೊಟ್ಟು, ಸೋರಿದ ಅನುಮಾನ ಬಂದಾಗ ಬದಲಾಯಿಸಿದರೆ ಸಾಕು.

ಖಾಲಿ ಪಾಸ್‌ವರ್ಡ್ ಇರುವ ಯೂಸರ್ ನೆಟ್‌ವರ್ಕ್ ಮೇಲಿಂದ ಬರುವಂತಿಲ್ಲ, ವಿಂಡೋಸ್ ಡೀಫಾಲ್ಟ್ ಆಗಿ ತಡೆಯುತ್ತದೆ. ಪಿನ್ ಕೂಡ ನಡೆಯಲ್ಲ. ಪಿನ್ ಅನ್ನುವುದು ಆ ಒಂದು ಯಂತ್ರದ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕ್ ಕೇಳುವುದು ಪಾಸ್‌ವರ್ಡ್. ದಿನಾ ನಾಲ್ಕಂಕಿ ಪಿನ್ ಹಾಕಿ ಅಭ್ಯಾಸ ಆದವರು ಇಲ್ಲೂ ಅದನ್ನೇ ಹಾಕುತ್ತಾ ಕೂರ್ತಾರೆ.

ಯೂಸರ್‌ಗಳಾದ ಮೇಲೆ ಗುಂಪು ಮಾಡಿ. ಲೆಕ್ಕದವರದು ಒಂದು, ಬಿಲ್ಲಿಂಗ್‌ನವರದು ಒಂದು ಸಾಕು. ಮುಂದೆ ಪರ್ಮಿಷನ್ ಕೊಡುವುದು ಗುಂಪಿಗೆ, ವ್ಯಕ್ತಿಗೆ ಅಲ್ಲ. ಹೊಸಬರು ಬಂದರೆ ಗುಂಪಿಗೆ ಸೇರಿಸಿದರೆ ಮುಗೀತು. ಬಿಟ್ಟು ಹೋದವರ ಯೂಸರನ್ನು ಅಳಿಸಬೇಡಿ, ಡಿಸೇಬಲ್ ಮಾಡಿ. ಅಳಿಸಿ ಅದೇ ಹೆಸರಲ್ಲಿ ಮತ್ತೆ ಮಾಡಿದರೂ ವಿಂಡೋಸ್‌ಗೆ ಅವರು ಬೇರೆಯವರೇ.

## ಹಂತ 5: ಫೋಲ್ಡರ್ ಮತ್ತು ಪರ್ಮಿಷನ್

ಈಗ ಶೇರ್. ಡಿ ಡ್ರೈವ್‌ನಲ್ಲಿ ಆಫೀಸಿನ ಹೆಸರಲ್ಲಿ ಒಂದು ಫೋಲ್ಡರ್, ಅದರೊಳಗೆ ಲೆಕ್ಕ, ಬಿಲ್ಲಿಂಗ್, ಎಲ್ಲರಿಗೂ ಅಂತ ಮೂರು ಫೋಲ್ಡರ್ ಮಾಡಿ. ಸಿ ಡ್ರೈವ್ ಪೂರ್ತಿ ಶೇರ್ ಮಾಡಬೇಡಿ. ಡೆಸ್ಕ್‌ಟಾಪ್ ಮೇಲಿನ ಫೋಲ್ಡರೂ ಬೇಡ.

ಇಲ್ಲಿ ಎರಡು ಪರ್ಮಿಷನ್ ಇವೆ. ಜನ ಒಂದನ್ನು ಕೊಟ್ಟು ಇನ್ನೊಂದನ್ನು ಮರೀತಾರೆ. ಶೇರಿಂಗ್ ಟ್ಯಾಬ್‌ನಲ್ಲಿರುವುದು ಓಣಿಯ ಗೇಟು, ಸೆಕ್ಯುರಿಟಿ ಟ್ಯಾಬ್‌ನಲ್ಲಿರುವುದು ಮನೆಯ ಬಾಗಿಲು. ಎರಡೂ ದಾಟಿದರೆ ಮಾತ್ರ ಒಳಗೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ.

1. ಒಳಗಿನ ಪ್ರತಿ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್, ಅದರಲ್ಲಿ ಅಡ್ವಾನ್ಸ್ಡ್ ಶೇರಿಂಗ್ ತೆರೆಯಿರಿ. ಪರ್ಮಿಷನ್ಸ್‌ನಲ್ಲಿ ಎವರಿವನ್ ತೆಗೆದು, 'ಅಥೆಂಟಿಕೇಟೆಡ್ ಯೂಸರ್ಸ್' ಸೇರಿಸಿ, ಚೇಂಜ್ ಮತ್ತು ರೀಡ್ ಕೊಡಿ.
2. ಸೆಕ್ಯುರಿಟಿ ಟ್ಯಾಬ್‌ನಲ್ಲಿ ಅಡ್ವಾನ್ಸ್ಡ್ ತೆರೆದು 'ಡಿಸೇಬಲ್ ಇನ್‌ಹೆರಿಟೆನ್ಸ್' ಒತ್ತಿ, ಮೇಲಿನ ಫೋಲ್ಡರ್‌ನಿಂದ ಪರ್ಮಿಷನ್ ತಾನೇ ಇಳಿದು ಬರುವುದು ಇದರಿಂದ ನಿಲ್ಲುತ್ತದೆ. ಕೇಳುವ ಎರಡು ಆಯ್ಕೆಗಳಲ್ಲಿ 'ಕನ್ವರ್ಟ್' ಆರಿಸಿ. 'ರಿಮೂವ್' ಒತ್ತಿದರೆ ಇರುವ ಪರ್ಮಿಷನ್ ಎಲ್ಲ ಹೋಗುತ್ತದೆ.
3. ಪಟ್ಟಿಯಲ್ಲಿ ಯೂಸರ್ಸ್, ಅಥೆಂಟಿಕೇಟೆಡ್ ಯೂಸರ್ಸ್ ಇದ್ದರೆ ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಎರಡನ್ನೂ ಮುಟ್ಟಬೇಡಿ. ಸಿಸ್ಟಮ್ ತೆಗೆದರೆ ಬ್ಯಾಕಪ್ ನಿಂತುಹೋಗುವ ಸಾಧ್ಯತೆ ಇದೆ.
4. ಆ ಫೋಲ್ಡರ್‌ಗೆ ಸಂಬಂಧಪಟ್ಟ ಗುಂಪನ್ನು ಸೇರಿಸಿ 'ಮಾಡಿಫೈ' ಕೊಡಿ. 'ಎಲ್ಲರಿಗೂ' ಫೋಲ್ಡರ್‌ಗೆ ಎರಡೂ ಗುಂಪು ಸೇರಿಸಿ.

ಫುಲ್ ಕಂಟ್ರೋಲ್ ಯಾಕೆ ಬೇಡ? ಓದಲು, ಬರೆಯಲು, ಅಳಿಸಲು ಮಾಡಿಫೈ ಸಾಕು. ಫುಲ್ ಕಂಟ್ರೋಲ್ ಇದ್ದವರು ಪರ್ಮಿಷನ್ ಪಟ್ಟಿಯನ್ನೇ ತಿದ್ದಬಹುದು. ನೀವು ಕಟ್ಟಿದ ಬೇಲಿಯ ಕೀಲಿ ಅವರ ಕೈಗೆ ಹೋಗುತ್ತದೆ.

ಸರಿ ಆಯಿತಾ ಅಂತ ಅಲ್ಲೇ ಪರೀಕ್ಷೆ ಮಾಡಬಹುದು. ಅಡ್ವಾನ್ಸ್ಡ್ ಸೆಕ್ಯುರಿಟಿ ಕಿಟಕಿಯಲ್ಲಿ 'ಎಫೆಕ್ಟಿವ್ ಆ್ಯಕ್ಸೆಸ್' ಅನ್ನುವ ಟ್ಯಾಬ್ ಇದೆ. ಒಬ್ಬ ಯೂಸರನ್ನು ಆರಿಸಿದರೆ ಅವರಿಗೆ ಏನು ಸಿಗುತ್ತದೆ, ಏನು ಸಿಗಲ್ಲ ಅಂತ ತೋರಿಸುತ್ತದೆ. ಊಹೆ ಮಾಡುವುದಕ್ಕಿಂತ ಇದು ವಾಸಿ.

ಒಂದು ಸಣ್ಣ ಗುಂಡಿ: ಒಂದೇ ಡ್ರೈವ್‌ನಲ್ಲಿ ಒಂದು ಫೋಲ್ಡರ್‌ನಿಂದ ಇನ್ನೊಂದಕ್ಕೆ ಫೈಲನ್ನು ಮೂವ್ ಮಾಡಿದರೆ ಅದು ಹಳೆಯ ಪರ್ಮಿಷನ್ ಹೊತ್ತುಕೊಂಡೇ ಹೋಗಬಹುದು. ಕಾಪಿ ಮಾಡಿದರೆ ಹೊಸ ಜಾಗದ್ದು ಬರುತ್ತದೆ. ಫೋಲ್ಡರ್ ಓಪನ್ ಆಗುತ್ತೆ, ಈ ಒಂದು ಫೈಲ್ ಮಾತ್ರ ಆಗಲ್ಲ ಅಂತ ದೂರು ಬಂದರೆ ಇದನ್ನು ನೆನಪಿಸಿಕೊಳ್ಳಿ.

## ಹಂತ 6: ಉಳಿದ ಯಂತ್ರಗಳಿಂದ ಜೋಡಿಸುವುದು

ನೇರ ಡ್ರೈವ್ ಮ್ಯಾಪ್ ಮಾಡಲು, ಅಂದರೆ ಸರ್ವರ್‌ನ ಫೋಲ್ಡರ್‌ಗೆ ಈ ಯಂತ್ರದಲ್ಲಿ ಜೆಡ್ ತರಹದ ಒಂದು ಡ್ರೈವ್ ಅಕ್ಷರ ಕೊಡಲು, ಹೋಗಬೇಡಿ. ಕೆಳಗಿನಿಂದ ಮೇಲಕ್ಕೆ ಪರೀಕ್ಷೆ ಮಾಡುತ್ತಾ ಬನ್ನಿ, ಎಲ್ಲಿ ನಿಲ್ಲುತ್ತದೋ ತಪ್ಪು ಅಲ್ಲಿದೆ.

1. ಈ ಯಂತ್ರದ ವಿಳಾಸ 192.168.1ರಿಂದಲೇ ಶುರುವಾಗುತ್ತದಾ? ಇಲ್ಲದಿದ್ದರೆ ಹಂತ 2ಕ್ಕೆ ವಾಪಸ್.
2. ಕಮಾಂಡ್ ಪ್ರಾಂಪ್ಟ್‌ನಲ್ಲಿ ping 192.168.1.10 ಅಂತ ಟೈಪ್ ಮಾಡಿ, ಸರ್ವರ್ ಉತ್ತರ ಕೊಡುತ್ತದಾ ಅಂತ ನೋಡುವ ಪರೀಕ್ಷೆ ಇದು. ಉತ್ತರ ಬರದಿದ್ದರೆ ಕೇಬಲ್, ಸ್ವಿಚ್ ನೋಡಿ, ಆಮೇಲೆ ಹಂತ 3.
3. ವಿಂಡೋಸ್ ಕೀ ಜೊತೆ ಆರ್ ಒತ್ತಿ \\192.168.1.10 ಅಂತ ಟೈಪ್ ಮಾಡಿ. ಯೂಸರ್ ನೇಮ್ ಕೇಳಿದಾಗ ಸರ್ವರ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಯೂಸರ್ ಹೆಸರು ಕೊಡಿ. ಪಾಸ್‌ವರ್ಡ್ ತಗೊಳ್ಳದಿದ್ದರೆ ಹಂತ 4.
4. ಒಳಗೆ ಫೋಲ್ಡರ್ ಕಾಣುತ್ತದೆ, ಓಪನ್ ಆಗಲ್ಲ ಅಂದರೆ ಹಂತ 5.
5. ಈಗ ವಿಳಾಸದ ಬದಲು ಸರ್ವರ್ ಹೆಸರಿನಿಂದ ಪ್ರಯತ್ನಿಸಿ. ವಿಳಾಸದಿಂದ ಆಗುತ್ತದೆ, ಹೆಸರಿನಿಂದ ಆಗಲ್ಲ ಅಂದರೆ ಹೆಸರು ಹುಡುಕುವ ವ್ಯವಸ್ಥೆಯಲ್ಲಿ ತೊಡಕು. ತುರ್ತಿಗೆ ವಿಳಾಸದಿಂದಲೇ ಮ್ಯಾಪ್ ಮಾಡಿದರೂ ನಡೆಯುತ್ತದೆ, ಅದು ಖಾಯಂ ವಿಳಾಸ ತಾನೇ.

ಎಲ್ಲ ಸರಿ ಬಂದ ಮೇಲೆ ಡ್ರೈವ್ ಮ್ಯಾಪ್ ಮಾಡಿ. 'ರಿಕನೆಕ್ಟ್ ಅಟ್ ಸೈನ್ ಇನ್' ಟಿಕ್ ಇರಲಿ, ಪಾಸ್‌ವರ್ಡ್ ನೆನಪಿಡುವ ಟಿಕ್ ಹಾಕಿ. ಆ ಪಾಸ್‌ವರ್ಡ್ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂರುತ್ತದೆ. ಸರ್ವರ್‌ನಲ್ಲಿ ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಹಳೆಯದನ್ನು ಇಲ್ಲಿಂದ ಅಳಿಸಲೇಬೇಕು, ಇಲ್ಲದಿದ್ದರೆ ವಿಂಡೋಸ್ ಅದನ್ನೇ ಮತ್ತೆ ಮತ್ತೆ ಕಳಿಸುತ್ತಿರುತ್ತದೆ.

ಇಲ್ಲಿ ಬರುವ ಎರರ್‌ಗಳಲ್ಲಿ ಕೊನೆಗೆ 80070035 ಅಂತ ಇದ್ದರೆ ಸರ್ವರ್ ತನಕ ಮುಟ್ಟಿಯೇ ಇಲ್ಲ. ಆ್ಯಕ್ಸೆಸ್ ಡಿನೈಡ್ ಅಂದರೆ ಮುಟ್ಟಿದೆ, ಪರ್ಮಿಷನ್ ಇಲ್ಲ. 1219 ಅಂದರೆ ಇದೇ ಯಂತ್ರದಿಂದ ಬೇರೆ ಯೂಸರ್ ಹೆಸರಲ್ಲಿ ಆಗಲೇ ಒಂದು ಜೋಡಣೆ ಇದೆ, ಸೈನ್ ಔಟ್ ಮಾಡಿ ಬನ್ನಿ. ಯಾರನ್ನಾದರೂ ಗುಂಪಿಗೆ ಈಗಷ್ಟೇ ಸೇರಿಸಿದ್ದರೆ ಅವರೂ ಸೈನ್ ಔಟ್ ಮಾಡಬೇಕು, ಅಲ್ಲಿ ತನಕ ಹೊಸ ಪರ್ಮಿಷನ್ ಹತ್ತಲ್ಲ.

ವಿಂಡೋಸ್ 11ರ 24ಎಚ್2 ಆವೃತ್ತಿಗೆ ಅಪ್‌ಡೇಟ್ ಆದಮೇಲೆ ಹಳೆಯ ಶೇರ್‌ಗಳು ನಿಂತ ಆಫೀಸುಗಳು ಬಹಳ. ಪ್ರೊ ಆವೃತ್ತಿಯಲ್ಲೂ ಅದು ಗೆಸ್ಟ್ ಆಗಿ, ಅಂದರೆ ಯೂಸರ್, ಪಾಸ್‌ವರ್ಡ್ ಕೊಡದೆ, ಒಳಗೆ ಹೋಗುವುದನ್ನು ನಿಲ್ಲಿಸಿತು. ಪಾಸ್‌ವರ್ಡ್ ಇಲ್ಲದೆ ನಡೆಸುತ್ತಿದ್ದವರಿಗೆ ಮಾತ್ರ ಇದರ ಬಿಸಿ. ಗೆಸ್ಟ್ ಲಾಗಾನನ್ನು ಮತ್ತೆ ಆನ್ ಮಾಡುವ ದಾರಿ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಸಿಗುತ್ತದೆ. ಫೈಲ್ ಶೇರಿಂಗ್‌ನ ಹಳೆಯ ವಿಧಾನವಾದ ಎಸ್‌ಎಂಬಿ 1 ಆನ್ ಮಾಡಿ ಅಂತ ಹೇಳುವವರೂ ಸಿಗುತ್ತಾರೆ. 2017ರ ಮೇನಲ್ಲಿ ಜಗತ್ತಿನ ತುಂಬ ಕಂಪ್ಯೂಟರ್‌ಗಳನ್ನು ಲಾಕ್ ಮಾಡಿದ ವಾನಾಕ್ರೈ ಹರಡಿದ್ದು ಆ ಎಸ್‌ಎಂಬಿ 1ರ ದೋಷದಿಂದಲೇ. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು, ಬಹಳ ಜನ ಹಾಕಿಕೊಂಡಿರಲಿಲ್ಲ ಅಷ್ಟೇ. ಹಳೆಯ ಸ್ಕ್ಯಾನರ್ ಒಂದಕ್ಕೆ ಎಸ್‌ಎಂಬಿ 1 ಬೇಕೇ ಬೇಕು ಅಂತಾದರೆ ಸ್ಕ್ಯಾನರ್ ಬದಲಾಯಿಸಿ.

ಇನ್ನೊಂದು ವಿಚಿತ್ರ. ಎಕ್ಸ್‌ಪ್ಲೋರರ್‌ನಲ್ಲಿ ಜೆಡ್ ಡ್ರೈವ್ ಕಾಣುತ್ತದೆ, ಲೆಕ್ಕದ ಸಾಫ್ಟ್‌ವೇರ್ ಮಾತ್ರ ಅದು ಇಲ್ಲ ಅನ್ನುತ್ತದೆ. ಆ ಸಾಫ್ಟ್‌ವೇರನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಮಾಡಿ ಓಡಿಸುತ್ತಿದ್ದೀರಾ ನೋಡಿ. ಮಾಮೂಲಿ ಯೂಸರ್ ಆಗಿ ಮ್ಯಾಪ್ ಮಾಡಿದ ಡ್ರೈವ್ ಅಡ್ಮಿನ್ ಆಗಿ ಓಡುವ ಪ್ರೋಗ್ರಾಂಗೆ ಕಾಣಲ್ಲ. ಡ್ರೈವ್ ಅಕ್ಷರದ ಬದಲು \\192.168.1.10ರಿಂದ ಶುರುವಾಗುವ ಪೂರ್ತಿ ದಾರಿ ಕೊಡಿ, ಇಲ್ಲ ಅಡ್ಮಿನ್ ಆಗಿ ಓಡಿಸುವುದನ್ನು ಬಿಡಿ.

## ಹಂತ 7: ಬ್ಯಾಕಪ್

ಶೇರ್ ಓಪನ್ ಆದ ಖುಷಿಯಲ್ಲಿ ಇದನ್ನು ನಾಳೆಗೆ ಮುಂದೂಡಬೇಡಿ. ಅದೇ ದಿನ ಮಾಡಿ.

ಎರಡು ಎಕ್ಸ್‌ಟರ್ನಲ್ ಡಿಸ್ಕ್ ಹೇಳಿದ್ದೆನಲ್ಲ, ಒಂದರ ಮೇಲೆ ಸೋಮ-ಬುಧ-ಶುಕ್ರ, ಇನ್ನೊಂದರ ಮೇಲೆ ಮಂಗಳ-ಗುರು-ಶನಿ ಅಂತ ಮಾರ್ಕರ್‌ನಲ್ಲಿ ಬರೆಯಿರಿ. ಸಂಜೆ ಎಲ್ಲರೂ ಸಾಫ್ಟ್‌ವೇರ್ ಮುಚ್ಚಿದ ಮೇಲೆ ಆ ದಿನದ ಡಿಸ್ಕ್ ಜೋಡಿಸಿ, ಬ್ಯಾಕಪ್ ತಗೊಂಡು, ಬಿಚ್ಚಿ. ಇನ್ನೊಂದು ಡಿಸ್ಕ್ ಸಾವ್ಕಾರ್ರ ಮನೆಯಲ್ಲಿರಲಿ. ಎರಡನ್ನೂ ಶುರುವಿನಲ್ಲೇ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿಸಿದ್ದು ಇದಕ್ಕೇ. ಫ್ಯಾಟ್ 32 ಆದರೆ 4 ಜಿಬಿ ದಾಟಿದ ಫೈಲ್ ಕೂರಲ್ಲ.

ಡಿಸ್ಕನ್ನು ಯಾವಾಗಲೂ ಸರ್ವರ್‌ಗೆ ಜೋಡಿಸಿಯೇ ಇಟ್ಟರೆ ಅದು ಬ್ಯಾಕಪ್ ಅಲ್ಲ. ರ್‍ಯಾನ್ಸಮ್‌ವೇರ್ (ಫೈಲ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವ ವೈರಸ್) ಬಂದರೆ ಅದು ಡೇಟಾದ ಜೊತೆಗೆ ಜೋಡಿಸಿದ ಡಿಸ್ಕನ್ನೂ ಲಾಕ್ ಮಾಡುತ್ತದೆ. ವಿಂಡೋಸ್‌ನಲ್ಲೇ ಇರುವ ಕಾಪಿ ಮಾಡುವ ಕಮಾಂಡ್ ರೋಬೋಕಾಪಿಯ ಮಿರರ್ ಆಯ್ಕೆಯನ್ನು ಬಳಸುವವರೂ ಹುಷಾರು. ಇಲ್ಲಿ ಅಳಿಸಿದ್ದನ್ನು ಅದು ಅಲ್ಲೂ ಅಳಿಸುತ್ತದೆ, ಇಲ್ಲಿ ಕೆಟ್ಟಿದ್ದನ್ನು ಅಲ್ಲಿಯ ಒಳ್ಳೆಯದರ ಮೇಲೆ ಬರೆಯುತ್ತದೆ. ಪ್ರತಿ ದಿನದ್ದಕ್ಕೂ ತಾರೀಖಿನ ಹೆಸರಿನ ಬೇರೆ ಫೋಲ್ಡರ್ ಇರಲಿ. ಜಾಗ ತುಂಬಿದಾಗ ಹಳೆಯದನ್ನು ಅಳಿಸಿ, ತಿಂಗಳಿಗೊಂದನ್ನು ಉಳಿಸಿ.

ಟ್ಯಾಲಿಪ್ರೈಮ್ ಇದ್ದವರಿಗೆ ಅದರ ಡೇಟಾ ಮೆನುವಿನಲ್ಲೇ ಬ್ಯಾಕಪ್ ಇದೆ, ಅದನ್ನೂ ಬಳಸಿ. ಡೇಟಾ ಫೋಲ್ಡರ್ ಒಳಗೆ ಕಂಪನಿಗಳು 10000 ತರಹದ ಅಂಕಿ ಹೆಸರಲ್ಲಿ ಇರುತ್ತವೆ. ಏನೋ ಕಸ ಅಂತ ಅದನ್ನು ಅಳಿಸಿದವರು ಇದ್ದಾರೆ. ಯಾವ ಅಂಕಿ ಯಾವ ಕಂಪನಿ ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಓಡುತ್ತಿರುವ ಡೇಟಾ ಫೋಲ್ಡರನ್ನೇ ಕ್ಲೌಡ್ ಡ್ರೈವ್‌ನ ಸಿಂಕ್‌ಗೆ ಹಾಕಬೇಡಿ. ಸಾಫ್ಟ್‌ವೇರ್ ಬರೆಯುವಾಗಲೇ ಸಿಂಕ್ ಕೂಡ ಅದೇ ಫೈಲ್ ಹಿಡಿದರೆ ಜಗಳ ಖಂಡಿತ. ಕ್ಲೌಡ್‌ಗೆ ಕಳಿಸುವುದಾದರೆ ಬ್ಯಾಕಪ್ ಫೈಲನ್ನು ಕಳಿಸಿ.

ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಬ್ಯಾಕಪ್ ರಿಸ್ಟೋರ್ ಮಾಡಿ, ಕಂಪನಿ ತೆರೆದು, ಕೊನೆಯ ವೋಚರ್ ನಂಬರನ್ನು ಆ ದಿನದ ಬಿಲ್ ಬುಕ್ ಜೊತೆ ಹೋಲಿಸಿ. ಫೈಲ್ ಸೈಜ್ ನೋಡಿ ಸಮಾಧಾನ ಪಟ್ಟುಕೊಂಡರೆ ಸಾಲದು.

## ಹಂತ 8: ಹೊರಗಿನ ಬಾಗಿಲು

ಲೆಕ್ಕ ನೋಡುವ ಆಡಿಟರ್ ಬೇರೆ ಊರಲ್ಲಿರುತ್ತಾರೆ. ಅವರಿಗೆ ಅಂತ ರೂಟರ್‌ನಲ್ಲಿ 3389 ಪೋರ್ಟ್ ತೆರೆದು ರಿಮೋಟ್ ಡೆಸ್ಕ್‌ಟಾಪ್ ಕೊಡುವುದು ಎಲ್ಲಕ್ಕಿಂತ ಅಪಾಯದ ಕೆಲಸ. ಪೋರ್ಟ್ ನಂಬರ್ ಬದಲಾಯಿಸಿದರೂ ಹುಡುಕುವವರು ಹುಡುಕುತ್ತಾರೆ. ಫೈಲ್ ಶೇರಿಂಗ್‌ನ 445 ಅಂತೂ ಇಂಟರ್ನೆಟ್ ಕಡೆ ತೆರೆಯುವ ಮಾತೇ ಇಲ್ಲ. ರೂಟರ್‌ನಲ್ಲಿ ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕ್‌ಗೆ ಬರುವ ಗುಪ್ತ ದಾರಿ) ಸೌಲಭ್ಯ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಸ್ಕ್ರೀನ್ ಹಂಚುವ ಸಾಫ್ಟ್‌ವೇರ್ ಸಾಕು, ಆದರೆ ಆಫೀಸಿನವರು ಎದುರಿಗೆ ಕೂತು 'ಒಪ್ಪಿಗೆ' ಒತ್ತಿದಾಗ ಮಾತ್ರ ತೆರೆಯುವ ಹಾಗಿರಲಿ. ಖಾಯಂ ಪಾಸ್‌ವರ್ಡ್ ಇಟ್ಟು ಬಿಡಬೇಡಿ.

## ವಾರಕ್ಕೊಮ್ಮೆ ನೋಡಬೇಕಾದ ಸೂಚನೆಗಳು

ವಿಂಡೋಸ್ ತನ್ನೊಳಗೆ ನಡೆದದ್ದನ್ನೆಲ್ಲ ಬರೆದಿಡುವ ಡೈರಿಯನ್ನು ತೋರಿಸುವುದು ಈವೆಂಟ್ ವ್ಯೂವರ್. ಅದೆಂದರೆ ಎಲ್ಲರಿಗೂ ಭಯ, ಅದರಲ್ಲಿ ಕೆಂಪು ಗುರುತು ಇಲ್ಲದ ದಿನವೇ ಇಲ್ಲ. ಎಲ್ಲ ಓದಬೇಡಿ. ಸಿಸ್ಟಮ್ ಲಾಗ್‌ನಲ್ಲಿ 'ಡಿಸ್ಕ್' ಮೂಲದಿಂದ 7ನೇ ನಂಬರ್ ಬಂದಿದ್ದರೆ ಹಾರ್ಡ್ ಡಿಸ್ಕ್‌ನಲ್ಲಿ ಕೆಟ್ಟ ಜಾಗ ಇದೆ, ಇವತ್ತೇ ಹೊಸ ಡಿಸ್ಕ್ ತನ್ನಿ. 41 ಪದೇ ಪದೇ ಬಂದರೆ ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಆಫ್ ಆಗುತ್ತಿದೆ, ಯುಪಿಎಸ್ ಬ್ಯಾಟರಿ ನೋಡಿ. ಸೆಕ್ಯುರಿಟಿ ಲಾಗ್‌ನಲ್ಲಿ 4625 ಅಂದರೆ ತಪ್ಪು ಪಾಸ್‌ವರ್ಡ್‌ನ ಪ್ರಯತ್ನ. ನಿಮ್ಮ ಸಿಬ್ಬಂದಿ ಹೆಸರಲ್ಲಿ ಒಂದೆರಡು ಇದ್ದರೆ ಸಹಜ. ರಾತ್ರಿ ಹೊತ್ತು ಸಾಲು ಸಾಲಾಗಿ, ಕೇಳದ ಹೆಸರುಗಳಲ್ಲಿ ಇದ್ದರೆ ಹೊರಗಿನ ಬಾಗಿಲು ಎಲ್ಲೋ ತೆರೆದಿದೆ.

ಫೈಲ್‌ಗಳ ಹೆಸರಿನ ಬಾಲ ಬದಲಾಗಿ, ಪ್ರತಿ ಫೋಲ್ಡರ್‌ನಲ್ಲೂ ದುಡ್ಡು ಕೇಳುವ ಒಂದೇ ರೀತಿಯ ಪತ್ರ ಕಾಣಿಸಿದರೆ ಯೋಚನೆ ಮಾಡುತ್ತಾ ಕೂರಬೇಡಿ. ಸರ್ವರ್‌ನ ನೆಟ್‌ವರ್ಕ್ ಕೇಬಲ್ ಕಿತ್ತು ಹಾಕಿ, ಆಮೇಲೆ ಉಳಿದ ಯಂತ್ರಗಳದ್ದು. ಬ್ಯಾಕಪ್ ಡಿಸ್ಕನ್ನು ಆ ಹೊತ್ತಲ್ಲಿ ಯಾವುದಕ್ಕೂ ಜೋಡಿಸಬೇಡಿ. ಗಾಬರಿಯಲ್ಲಿ ಮೊದಲು ಎಲ್ಲರೂ ಮಾಡುವುದು ಅದನ್ನೇ.

## ಈ ವ್ಯವಸ್ಥೆ ಎಲ್ಲಿ ತನಕ ಸಾಕು

ಹತ್ತು-ಹದಿನೈದು ಯಂತ್ರದ ತನಕ ಇದು ಆರಾಮಾಗಿ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ, ಇಲ್ಲವೇ ಸಿಂಧನೂರಲ್ಲೊಂದು ಸಿರುಗುಪ್ಪದಲ್ಲೊಂದು ಅಂತ ಶಾಖೆಗಳಾದರೆ, ಪ್ರತಿ ಯಂತ್ರಕ್ಕೂ ಹೋಗಿ ಪಾಸ್‌ವರ್ಡ್ ತಿದ್ದುವುದು ಸಾಕಾಗಿಬಿಡುತ್ತದೆ. ಆಗ ವಿಂಡೋಸ್ ಸರ್ವರ್ ಹಾಕಿ ಡೊಮೇನ್ ಕಟ್ಟಬೇಕು. 25 ಜನರ ಒಳಗಿನ ಆಫೀಸಿಗೆ ಅದರ ಎಸೆನ್ಷಿಯಲ್ಸ್ ಆವೃತ್ತಿ ಸಾಕು, ಪ್ರತಿ ಬಳಕೆದಾರರಿಗೆ ಬೇರೆ ಲೈಸೆನ್ಸ್ ಕೊಳ್ಳುವ ಖರ್ಚು ಇರಲ್ಲ. ಹೋಮ್ ಆವೃತ್ತಿಯ ಯಂತ್ರಗಳು ಡೊಮೇನ್ ಸೇರುವುದಿಲ್ಲ, ಕೊಳ್ಳುವಾಗಲೇ ಪ್ರೊ ಕೇಳಿ.

ಅಲ್ಲೂ ಎಲ್ಲರೂ ಬೀಳುವ ಗುಂಡಿ ಒಂದೇ. ಯಂತ್ರಗಳಿಗೆ ಡಿಎನ್‌ಎಸ್ ಆಗಿ ಗೂಗಲ್‌ನ 8.8.8.8 ಅಥವಾ ರೂಟರ್ ವಿಳಾಸ ಕೊಟ್ಟಿರುತ್ತಾರೆ. ಡೊಮೇನ್ ಎಲ್ಲಿದೆ ಅಂತ ಗೂಗಲ್‌ಗೆ ಹೇಗೆ ಗೊತ್ತಾಗಬೇಕು? ಯಂತ್ರಗಳ ಡಿಎನ್‌ಎಸ್ ಡೊಮೇನ್ ಸರ್ವರ್‌ನ ವಿಳಾಸ ಮಾತ್ರ ಆಗಿರಬೇಕು, ಎರಡನೇ ಸಾಲಿನಲ್ಲೂ 8.8.8.8 ಬೇಡ. ಹೊರಗಿನ ಹೆಸರುಗಳನ್ನು ಹುಡುಕುವ ಕೆಲಸವನ್ನು ಆ ಸರ್ವರ್‌ನ ಡಿಎನ್‌ಎಸ್ ಸೆಟ್ಟಿಂಗ್‌ನಲ್ಲಿ ಫಾರ್ವರ್ಡರ್ ಹಾಕಿ ಒಪ್ಪಿಸಿ. ಡೊಮೇನ್ ಸೇರಿಸಲು ಹೋದಾಗ 'ಡೊಮೇನ್ ಕಂಟ್ರೋಲರ್ ಸಿಗಲಿಲ್ಲ' ಅಂತ ಬಂದರೆ ಮೊದಲು ತೆರೆದು ನೋಡಬೇಕಾದದ್ದು ಆ ಯಂತ್ರದ ಡಿಎನ್‌ಎಸ್ ಸಾಲನ್ನು.